ಎಡಗೈಗೊಂದು ಗಾರ್ಡು

"ಇದು ಭಾಳ ಬಿರುಸದ," ಎಂದು ಗುರುದೇವಿ ಮಣಿಕಟ್ಟಿನ ಗಾರ್ಡನ್ನು ಕೌಂಟರಿನ ಮೇಲಿಟ್ಟಳು. "ಮತ್ತೊಂದು ತೋರಸ್ರಿ."

ಚಾಂದಪಾಶಾ ನಾಲ್ಕನೆಯ ಜೊತೆಯನ್ನು ಪೊಟ್ಟಣದಿಂದ ಹೊರತೆಗೆದ. ಯಾದಗಿರಿ ಸ್ಟೇಷನ್ನಿನ ಹತ್ತಿರದ ಅವನ ಅಂಗಡಿಯಲ್ಲಿ ಹೆಲ್ಮೆಟ್ಟುಗಳು ಮಾಡಿನಿಂದ ಸೋರೆಕಾಯಿಗಳ ಹಾಗೆ ಜೋತುಬಿದ್ದಿದ್ದವು. ಗೋಡೆಯ ತುಂಬ ಬೈಕಿನ ಕೈಗವಸು, ಮೊಳಕಾಲಿನ ಚಿಪ್ಪು, ಕ್ರಿಕೆಟ್ ಪ್ಯಾಡು. ಹತ್ತು ಗಂಟೆ ದಾಟಿದ್ದರೂ ಬೇರೆ ಗಿರಾಕಿ ಇರಲಿಲ್ಲ. ಗುರುದೇವಿ ಹೊಸ ಜೊತೆಯ ಅಂಗೈಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ಅದೂ ಬಗ್ಗದಿರುವುದನ್ನು ಕಂಡು ತಲೆಯಾಡಿಸಿದಳು.

"ಅಮ್ಮಾರ, ನೀವು ಗಾರ್ಡ್ ನೋಡಾಕತ್ತೀರೋ, ಹತ್ತಿ ಗಾದಿ ನೋಡಾಕತ್ತೀರೋ?"

"ಮೆತ್ತಂದು ಒಳ್ಳೇದಲ್ಲೇನ್ರಿ?"

"ಮೆತ್ತಂದು ಮಲಗಾಕ ಒಳ್ಳೇದು. ಬೀಳಾಕಲ್ಲ."

ಗುರುದೇವಿ ಆ ಜೊತೆಯನ್ನೂ ಕೆಳಗಿಟ್ಟಳು. ರಂಗಂಪೇಟೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಶಹಾಪುರದಲ್ಲಿ ಇಳಿದು ಎರಡು ಔಷಧದ ಅಂಗಡಿಗಳಲ್ಲಿ ವಿಚಾರಿಸಿ, ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ನಿಂತೇ ಇಲ್ಲಿಯವರೆಗೆ ಬಂದದ್ದು ಗಾರ್ಡು ಕೊಳ್ಳಲಿಕ್ಕೆ ಮಾತ್ರವಲ್ಲ. ಮೆತ್ತನೆಯದಾದರೂ ನಡೆಯುತ್ತದೆ ಎಂಬ ಒಂದು ಮಾತು ಈ ಮನುಷ್ಯನ ಬಾಯಿಂದ ಬಂದುಬಿಟ್ಟರೆ ಸಾಕೆಂದು ಅವಳ ಜೀವ ದಾರಿಯುದ್ದಕ್ಕೂ ಹಂಬಲಿಸಿತ್ತು. ಆ ಮಾತು ಬರಲಿಲ್ಲ.

"ಪೆಟ್ಟು ತಿಂದ ಕೈ ಅದರಿ," ಎಂದಳು. "ಎಲುಬಿಗೆ ತಗಡು ಹಾಕ್ಯಾರ. ಇದು ನಡೀತದೇನು?" ಎಂದು ಶಹಾಪುರದಲ್ಲಿ ಕೊಂಡಿದ್ದ ಔಷಧದಂಗಡಿಯ ಪಟ್ಟಿಯನ್ನು ಚೀಲದಿಂದ ತೆಗೆದಳು.

ಚಾಂದಪಾಶಾ ಅದನ್ನು ಮುಟ್ಟಲೂ ಇಲ್ಲ. "ಇದು ಕೈ ಅಲುಗದಂಗ ಇಡಾಕ. ಇದನ್ನ ಹಾಕ್ಕೊಂಡು ಬಿದ್ರ ಒಳಗಿನ ಕಬ್ಬಿಣ ಅಂಗೈಗೇ ಚುಚ್ಚತದ. ಬೈಕಿಗೇನ್ರಿ?"

"ಬೈಕಲ್ಲ. ಒಂಟಿ ಗಾಲಿ. ಕರೆಂಟಿನ ಮ್ಯಾಲ ಓಡತದಲ್ಲ, ಅದು."

ಪೊಟ್ಟಣ ಮಡಚುತ್ತಿದ್ದ ಅವನ ಕೈ ನಿಂತಿತು. ಕನ್ನಡಕವನ್ನು ಹಣೆಗೇರಿಸಿ ಅವಳನ್ನು ಸರಿಯಾಗಿ ನೋಡಿದ.

"ಈ ಮೂರು ತಾಲೂಕಿನಾಗ ಒಂಟಿ ಗಾಲಿ ಮ್ಯಾಲ ನಿಂತು ತಿರುಗಾಂವ ನನಗ ಗೊತ್ತಿದ್ದಂಗ ಒಬ್ಬನ. ರಂಗಂಪೇಟಿ ಭೀಮಾಶಂಕರ. ನೀವು ಅವನಿಗೇನಾಗಬೇಕು?"

"ಹಡದಾಕಿ."

ಅವನು ನಾಲ್ಕೂ ಜೊತೆಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ಹಾಕತೊಡಗಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನಿಮ್ಮ ಮಗ ಫೋನಿನಾಗ ನನ್ನ ಅಂಗಡಿ ಫೋಟೋ ಹಾಕಿ ಏನೇನಂದ, ಕೇಳೀರಿಲ್ಲ? ಡೂಪ್ಲಿಕೇಟ್ ಮಾಲು, ಕೈ ಮುರಿಸಾಂವ ಅಂತ. ನಾ ಇಲ್ಲಿ ಕುಂತು ಇಪ್ಪತ್ತೆರಡು ವರ್ಷಾತು. ಈಗ ಹೆಲ್ಮೆಟ್ ಕೇಳಾಕ ಬಂದ ಹುಡುಗರು ಅದನ್ನ ತಿರುವಿ ಮುರುವಿ ಬಡದು ನೋಡ್ತಾರ, ನಗ್ತಾರ, ಹೋಗ್ತಾರ. ಆ ಹಳೇ ಗಾರ್ಡ್ ತಂದು ತೋರಸು, ನಂದು ತಪ್ಪಿದ್ರ ಅಂಗಡಿ ಮುಚ್ಚತೀನಿ ಅಂದೆ. ದವಾಖಾನ್ಯಾಗ ಕಳದದ ಅಂದ."

"ಕಳದಿಲ್ಲ," ಎಂದಳು ಗುರುದೇವಿ.

ಮೂರು ತಿಂಗಳು ಜೋಳದ ಡಬ್ಬಿಯ ತಳದಲ್ಲಿ ಹೂತಿಟ್ಟಿದ್ದ ಎಡಗೈಯ ಗಾರ್ಡು ಅವಳ ಚೀಲದ ಅಡಿಯಲ್ಲಿತ್ತು. ಅದನ್ನು ತೆಗೆದು ಅವನ ಮುಂದಿಟ್ಟಳು. ಒಂದೆರಡು ಜೋಳದ ಕಾಳು ಕೌಂಟರಿನ ಮೇಲೆ ಉರುಳಿದವು.

ಚಾಂದಪಾಶಾ ಅದನ್ನು ತಿರುಗಿಸಿದ. ಅಂಗೈಯ ಜಾಗದಲ್ಲಿ ಕಪ್ಪು ಬಟ್ಟೆ, ಅದರ ಸುತ್ತ ಕೌದಿ ಹೊಲಿಯುವವರ ಒತ್ತೊತ್ತು ದಾರ. ಬಟ್ಟೆ ಹರಿದು ಒಳಗಿನ ಬಿಳಿ ಮಡಿಕೆಗಳು ಕಾಣುತ್ತಿದ್ದವು, ಅವುಗಳ ಮೇಲೆ ರಕ್ತ ಒಣಗಿ ಕಂದಾಗಿತ್ತು. ಅವನು ಬೆರಳು ತೂರಿಸಿ ಒಳಗೆ ತಡಕಿದ.

"ಇದರಾಗಿನ ಪ್ಲೇಟ್ ಎಲ್ಲದ?"

ಅವಳು ಹೇಳಿದಳು. ಅಂಗಡಿಯ ಬಾಗಿಲ ಕಡೆ ನೋಡುತ್ತ, ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದಳು.

ಭೀಮಾಶಂಕರ ಸುರಪುರದ ಒಂದು ರಕ್ತ ಪರೀಕ್ಷೆಯ ಕೇಂದ್ರದಲ್ಲಿ ಕೆಲಸಕ್ಕಿದ್ದ. ಹಾಸಿಗೆ ಹಿಡಿದವರ ಮನೆಗೇ ಹೋಗಿ ರಕ್ತ ತೆಗೆದು ತರುವುದು ಅವನ ಪಾಲಿನ ಕೆಲಸ. ಬಸ್ಸಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಹೋಗಬಹುದು, ಇಳಿದಲ್ಲಿಂದ ಹೊಲದ ಮನೆಗಳವರೆಗೂ ಓಡಿಸಬಹುದು ಎಂದು ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಒಂಟಿ ಗಾಲಿಯನ್ನು ತಂದಿದ್ದ. ಬಿದ್ದರೆ ಮೊದಲು ನೆಲಕ್ಕೆ ಹೋಗುವುದು ಕೈ ಎಂದು ಗಾರ್ಡನ್ನೂ ಈ ಅಂಗಡಿಯಿಂದಲೇ ತರಿಸಿದ. ಬಸ್ಸಿನ ಮೇಲೆ ಬಂದ ಪೊಟ್ಟಣವನ್ನು ಆ ಮಧ್ಯಾಹ್ನ ಬಿಚ್ಚಿದವಳು ಗುರುದೇವಿ. ಅಂಗೈಯ ಮೇಲೆ ದಪ್ಪ ಕಪ್ಪು ಚರ್ಮ. ಬಲಗೈಯದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಎಡಗೈ ಲಿಂಗ ಹಿಡಿಯುವ ಕೈ. ದಿನ ಬೆಳಗಾದರೆ ಇಷ್ಟಲಿಂಗ ಬಂದು ಕೂಡುವ ಅಂಗೈಗೆ ಸತ್ತ ದನದ ತೊಗಲು ಬಿಗಿಯುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳೆದ್ದಿತ್ತು. ಬ್ಲೇಡಿನಿಂದ ಹೊಲಿಗೆ ಬಿಡಿಸಿ ತೊಗಲು ತೆಗೆದಳು. ಅದರ ಬೆನ್ನಿಗೇ ಚಮಚದ ಬೆನ್ನಿನಂತೆ ಬಾಗಿದ ಒಂದು ಗಟ್ಟಿ ತುಂಡು ಹೊರಬಿತ್ತು. ಪಾಪ, ದಿನವಿಡೀ ಕೈಗೆ ಒತ್ತುತ್ತದೆ ಎಂದು ಅದನ್ನೂ ಎಸೆದಳು. ಹಿಂದಿನ ವರ್ಷ ತೀರಿಕೊಂಡ ಗಂಡ ಪೂಜೆಗೆ ಕೂಡುವಾಗ ಉಡುತ್ತಿದ್ದ ಧೋತರವನ್ನು ಹರಿದು, ಆರು ಮಡಿಕೆ ಮಾಡಿ, ಮೇಲೊಂದು ಕಪ್ಪು ಬಟ್ಟೆ ಇಟ್ಟು ಹೊಲಿದಳು. ಆ ಮನುಷ್ಯನ ಮೈಮೇಲಿದ್ದ ಬಟ್ಟೆ ಮಗನ ಕೈಯನ್ನು ಕಾಯದೆ ಇರುತ್ತದೆಯೇ ಎಂದುಕೊಂಡಳು.

"ಮರುದಿನ ಹತ್ತು ಗಂಟೆಕ್ಕ ಕಾಲುವಿ ದಾಟೂ ಪೂಲಿನ ಮ್ಯಾಲ ಉಸುಕಿನಾಗ ಗಾಲಿ ಜಾರಿ ಬಿದ್ದ," ಎಂದಳು. "ಬಲಗೈಗೆ ಗೀರು ಸೈತ ಬರಲಿಲ್ಲ."

ಚಾಂದಪಾಶಾ ಹಳೆಯ ಗಾರ್ಡನ್ನು ಕೌಂಟರಿನ ಮೇಲೆ ಇಟ್ಟ. ಆಮೇಲೆ ಹೇಳಿದ. "ಅದು ಚರ್ಮ ಅಲ್ರಿ, ಅಮ್ಮಾರ. ರೆಕ್ಸಿನ್. ಮಿಶಿನಿನಾಗ ಮಾಡೂದು. ನಿಮ್ಮ ಪೈಕಿ ಗಿರಾಕಿ ಎಷ್ಟೋ ಮಂದಿ ಅದನ್ನ ಕೇಳಿ ತಿಳಕೊಂಡ ಒಯ್ಯತಾರ. ಒಂದು ಫೋನ್ ಮಾಡಿದ್ರ ನಾ ಹೇಳತಿದ್ದೆ."

ಗುರುದೇವಿ ಕೌಂಟರಿನ ಮೇಲೆ ಉರುಳಿದ್ದ ಜೋಳದ ಕಾಳುಗಳನ್ನು ಆರಿಸತೊಡಗಿದಳು.

"ಬರ್ರಿ ಇಲ್ಲಿ," ಎಂದು ಅವನು ಹೊರಬಂದ. "ಇದನ್ನ ಎಡಗೈಗೆ ಹಾಕ್ಕೋರಿ. ಹಾಂ. ಕೆಳಗ ಕುಂಡ್ರಿ. ಅಂಗೈ ನೆಲಕ್ಕ ಊರಿ ಜೋರಾಗಿ ಮುಂದಕ್ಕ ನೂಕ್ರಿ."

ಅವಳು ಶಹಾಬಾದಿ ಕಲ್ಲಿನ ನೆಲದ ಮೇಲೆ ಮೊಳಕಾಲೂರಿ, ತನ್ನ ಕೈಯಾರೆ ಹೊಲಿದ ಗಾರ್ಡು ತೊಟ್ಟು ನೂಕಿದಳು. ಬಟ್ಟೆ ಕಲ್ಲಿಗೆ ಕಚ್ಚಿಕೊಂಡಿತು. ಕೈ ನಿಂತಲ್ಲೇ ನಿಂತಿತು, ಮೈ ಮಾತ್ರ ಮುಂದೆ ಹೋಯಿತು. ಮಣಿಕಟ್ಟು ಹಿಂದಕ್ಕೆ ಮಡಚಿ ಮೊಳಕೈವರೆಗೂ ನೋವು ಹರಿಯಿತು.

"ಈಗ ಇದು." ಹೊಸ ಗಾರ್ಡನ್ನು ಅವನೇ ಕೊಟ್ಟ. ಅಂಗೈಯ ಬಿರುಸು ತುಂಡು ಕಲ್ಲಿಗೆ ತಾಕಿದ್ದೇ ತಡ, ಕೈ ಎಣ್ಣೆಯ ಮೇಲೆ ಹೋದಂತೆ ಸರ್ರನೆ ಮುಂದೆ ಜಾರಿತು. ಅವಳು ಬಕ್ಕಬಾರಲು ಬೀಳುವವಳು ಸಾವರಿಸಿಕೊಂಡಳು. ಕೈಗೆ ಏನೂ ಆಗಿರಲಿಲ್ಲ.

"ಗೊತ್ತಾತಲ್ಲ. ಬಿದ್ದ ಕೈ ನೆಲಕ್ಕ ಅಂಟಬಾರದು, ಜಾರಬೇಕು. ಬಿರುಸು ಇರೂದು ಅದಕ್ಕ."

ಗುರುದೇವಿ ನೆಲದಿಂದ ಏಳಲಿಲ್ಲ. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಕುಳಿತೇ ಇದ್ದಳು. ಭೀಮಾಶಂಕರನ ಕೈಗೆ ಈಗ ತಗಡು ಕೂತಿದೆ, ಆದರೆ ಎಡ ಅಂಗೈ ಮೇಲ್ಮುಖವಾಗಿ ತಿರುಗುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಒಂಬತ್ತು ದಿನದ ಹಿಂದೆ ಪೂಜೆಯ ಹೊತ್ತಿನಲ್ಲಿ ಓರೆಯಾದ ಆ ಅಂಗೈಯಿಂದ ಲಿಂಗ ಜಾರಿತು. ಎದುರಿಗಿದ್ದ ಅವಳು ಸೆರಗೊಡ್ಡಿ ಹಿಡಿದಳು. ಅಂದಿನಿಂದ ಅವನು ಕೊರಳಿನ ಲಿಂಗದ ಕರಡಿಗೆಯ ಮುಚ್ಚಳ ತೆಗೆದಿಲ್ಲ. ಮೈತೊಳೆದು ಬಂದು ಗೋಡೆ ನೋಡುತ್ತ ಕೂಡುತ್ತಾನೆ. ಕ್ಲಚ್ಚು ಹಿಡಿಯಲಾಗದ್ದರಿಂದ ಬೈಕು ಓಡಿಸುವ ಹಾಗಿಲ್ಲ. ಕೈಯ ಹಂಗಿಲ್ಲದೆ ಕಾಲಿನ ಮೇಲೇ ಓಡುವುದು ಒಂಟಿ ಗಾಲಿಯೊಂದೇ. ಕೇಂದ್ರದವರು ಸೋಮವಾರ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದಾರೆ.

"ನಾಳಿ ಹೊಂಟಾನ್ರಿ. ಬರಿಗೈಲೆ," ಎಂದಳು. "ಗಾರ್ಡ್ ಹಾಕ್ಕೊಂಡ್ರೂ ಮುರೀತು, ಇನ್ನ ಯಾಕ ಹಾಕ್ಕೊಳ್ಳಲಿ ಅಂತಾನ. ಡಾಕ್ಟರು ಇನ್ನೊಮ್ಮಿ ಮುರದ್ರ ಕೂಡೂದಿಲ್ಲ ಅಂದಾರ."

"ಹಂಗಾರ ಇದನ್ನ ಒಯ್ದು ಕೊಟ್ರೂ ಮೂಲಿಗೆ ಒಗೀತಾನ." ಚಾಂದಪಾಶಾ ಮತ್ತೆ ಕೌಂಟರಿನ ಹಿಂದೆ ಹೋದ. "ಯಾಕ ಮುರೀತು ಅಂತ ಅವನಿಗೆ ಗೊತ್ತಾಗಬೇಕು. ನಾ ಹೇಳಿದ್ರ ನಂಬೂದಿಲ್ಲ."

"ನನ್ನ ಮಾರಿ ನೋಡೂದಿಲ್ರಿ ಅಂವ ಆಮ್ಯಾಲ. ನನಗ ಇರಾಂವ ಅವನೊಬ್ಬನ."

"ನೋಡದಿದ್ರ ಬಿಡ್ಲಿ. ಕೈಯರ ಉಳೀತದ." ಹೇಳಿದ ಮೇಲೆ ತನ್ನ ಮಾತು ಹೆಚ್ಚು ಒರಟಾಯಿತೆನಿಸಿತೋ ಏನೋ, ದನಿ ತಗ್ಗಿಸಿ ಕೇಳಿದ: "ಒಳಗಿನ ತಗಡು ಎಲ್ಲೀತನಕ ಅದ?"

ಅವಳು ತನ್ನ ಮುಂಗೈಯ ಮೇಲೆ ಐದು ಬೆರಳಗಲ ಅಳತೆ ಮಾಡಿ ತೋರಿಸಿದಳು. ಹಿಂದಿನ ದಿನ ಮಗ ಮಧ್ಯಾಹ್ನ ಮಲಗಿದ್ದಾಗ ಅವನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿ ತಂದಿದ್ದ ದಾರವನ್ನೂ ಕೊಟ್ಟಳು. ಚಾಂದಪಾಶಾ ಗಿಡ್ಡ ಗಾರ್ಡುಗಳನ್ನೆಲ್ಲ ಸರಿಸಿಬಿಟ್ಟ. ಅವುಗಳ ಅಂಚು ಸರಿಯಾಗಿ ತಗಡು ಮುಗಿಯುವಲ್ಲಿಗೇ ಬರುತ್ತದೆ, ಬಿದ್ದರೆ ಎಲುಬು ಅಲ್ಲೇ ಮುರಿಯುತ್ತದೆ ಎಂದ. ಏಣಿ ಹತ್ತಿ ಮೇಲಿನ ಅಟ್ಟದಿಂದ ಉದ್ದನೆಯದೊಂದು ಜೊತೆ ಇಳಿಸಿದ: ಅಂಗೈಗೊಂದು, ಮುಂಗೈ ಬೆನ್ನಿಗೊಂದು ತುಂಡು, ತಗಡನ್ನು ದಾಟಿ ಮೊಳಕೈ ಹತ್ತಿರದವರೆಗೆ ಬರುವ ಮೂರು ಪಟ್ಟಿ. ದಾರವನ್ನು ಅದರ ಸುತ್ತ ಹಿಡಿದು ನೋಡಿ ತಲೆದೂಗಿದ. ಬೆಲೆ ಒಂದು ಪೈಸೆಯೂ ಇಳಿಸಲಿಲ್ಲ. ಅವಳೂ ಕೇಳಲಿಲ್ಲ.

ಭೀಮಾ ಹೊಳೆಯ ಸೇತುವೆ ದಾಟಿದ ಮೇಲೆ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಗುರುದೇವಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಗನಿಗೆ ಹೇಳಬೇಕಾದ ಮೊದಲ ಮಾತನ್ನು ಜೋಡಿಸತೊಡಗಿದಳು. ದೋರನಹಳ್ಳಿ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಮೂರು ಸಲ ಬಿಚ್ಚಿಹೋಗಿತ್ತು. ಶಿವನೇ, ನನ್ನ ಬಾಯಿ ಕಟ್ಟಬೇಡ ಎಂದು ಬೇಡಿಕೊಂಡಳು. ಮರುಗಳಿಗೆಗೆ, ಬಸ್ಸು ಇಲ್ಲೇ ಕೆಟ್ಟು ನಿಂತರೆ ಸಾಕು ಎಂದೂ ಬೇಡಿಕೊಂಡಳು. ಬಸ್ಸು ಎಲ್ಲಿಯೂ ನಿಲ್ಲಲಿಲ್ಲ.

ಮನೆಯಂಗಳದಲ್ಲಿ ಭೀಮಾಶಂಕರ ಗಾಲಿಯನ್ನು ಮಲಗಿಸಿ ಬಲಗೈಯಿಂದ ಗಾಳಿ ಹಾಕುತ್ತಿದ್ದ.

"ಎಲ್ಲಿ ಹೋಗಿದ್ದಿ ಯವ್ವಾ? ಮುಂಜಾನಿಂದ ಫೋನ್ ಹಚ್ಚಾಕತ್ತೀನಿ."

"ಯಾದಗಿರಿಗೆ."

ಅವನು ಚೀಲದಿಂದ ಇಣುಕಿದ್ದ ಪೊಟ್ಟಣ ನೋಡಿದ. "ಆ ಲುಚ್ಚಾನ ಅಂಗಡಿಗೇನು? ನಿನಗೇನರ ತಲಿ ಕೆಟ್ಟದೇನು?"

"ಅವನಿಗೆ ಹಂಗನಬ್ಯಾಡ," ಎಂದಳು. ನಿಂತೇ ಹೇಳಿದಳು, ಕೂತರೆ ಹೇಳಲಾಗುವುದಿಲ್ಲ ಎಂದು. "ಅವನ ಮಾಲು ಖರೇ ಇತ್ತೋ ಭೀಮಾ. ನಾ ಬಿಚ್ಚೀನಿ ಅದನ್ನ."

ಹಳೆಯ ಗಾರ್ಡನ್ನು ಅವನ ಮುಂದಿಟ್ಟಳು. ಅವನು ಕೈಗೆತ್ತಿಕೊಂಡ. ಹರಿದ ಕಪ್ಪು ಬಟ್ಟೆಯೊಳಗೆ ಎರಡು ಬೆರಳು ಹಾಕಿ ಎಳೆದ. ಮಡಿಕೆಗಳು ಒಂದರ ಹಿಂದೊಂದು ಬಂದವು. ಕೊನೆಯ ಮಡಿಕೆಗೆ ಸಣ್ಣ ಹಸಿರು ಅಂಚಿತ್ತು.

"ಅಪ್ಪಂದು," ಎಂದ.

"ಹೂಂ."

"ಅವತ್ತು ಹೋಗುಮುಂದ ನಾ ಕೇಳಿದೆ. ಎಡಗೈದು ಮೆತ್ತಗನಸತದ ಅಂತ."

"ಕೇಳಿದ್ದಿ."

"ಹೊಸಾದು, ಹಂಗ ಇರತದ ಅಂದಿ."

"ಅಂದೆ."

"ಆಪ್ರೇಶನ್ ಆತು. ಹೇಳಲಿಲ್ಲ. ಪಟ್ಟಿ ಬಿಚ್ಚಿದ್ರು. ಹೇಳಲಿಲ್ಲ. ನಾ ಊರ ಮಂದಿ ಮುಂದ ಅವನ ಮಾನ ತಗೀಮುಂದ ಒಳಗ ಕುಂತು ಕೇಳಿದಿ." ಅವನ ದನಿ ಏರಲಿಲ್ಲ. "ಲಿಂಗ ಜಾರಿದ ದಿನ, ಅವತ್ತರ ಹೇಳಬಹುದಿತ್ತಲ್ಲ ಯವ್ವಾ."

ಹೆದರಿದ್ದೆ ಎನ್ನಲು ಹೊರಟವಳು ಹೊಸ ಪೊಟ್ಟಣವನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟಳು.

ಅವನು ಹೊಸ ಪೊಟ್ಟಣವನ್ನು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಗುರುದೇವಿ ಕಟ್ಟೆಯ ಮೇಲೆ ಕುಳಿತಳು. ಎದುರುಮನೆಯ ಲಾಲಮ್ಮ ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿ ರಾಶಿ ಮಾಡುತ್ತ, "ಏನವಾ, ಊಟಾತೇನು?" ಎಂದು ಕೂಗಿದಳು. "ಆತವಾ," ಎಂದಳು. ಮುಂಜಾನೆಯಿಂದ ಬಾಯಿಗೆ ನೀರು ಬಿದ್ದಿರಲಿಲ್ಲ. ಒಳಗಿನಿಂದ ಮಗ ಫೋನಿನಲ್ಲಿ ಮಾತಾಡುವುದು ಕೇಳಿತು. "ಚಾಂದಪಾಶಾ ಭಾಯಿ, ನಾನು..." ಎಂದದ್ದಷ್ಟೇ ತಿಳಿಯಿತು, ಮುಂದಿನದು ಗೋಡೆಯಾಚೆ ಗುಂಯ್‌ಗುಟ್ಟಿತು, ಆಮೇಲೆ ಅದೂ ನಿಂತಿತು. ಬಿಸಿಲು ಅಂಗಳದಿಂದ ಮೇಲೆದ್ದು ಮಾಳಿಗೆಯ ಅಂಚಿಗೆ ಹೋಯಿತು. ಅವನು ಬರದೇ ಇದ್ದರೆ ನಾನೆಲ್ಲಿಗೆ ಹೋಗಲಿ ಎಂದು ಅವಳು ಯೋಚಿಸಿದಳು. ಹೋಗುವ ಜಾಗ ಒಂದೂ ಹೊಳೆಯಲಿಲ್ಲ.

ಬಾಗಿಲು ತೆರೆಯಿತು. ಭೀಮಾಶಂಕರನ ಬಲಗೈಗೆ ಹೊಸ ಗಾರ್ಡಿತ್ತು. ಎಡಗೈಯದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತೊಡಲು ಹೆಣಗುತ್ತಿದ್ದ. ಬಲಗೈ ಗಾರ್ಡಿನ ಬಿರುಸಿನಿಂದಾಗಿ ಬೆರಳು ಬಗ್ಗದೆ ಪಟ್ಟಿ ಪ್ರತಿ ಸಲವೂ ಜಾರುತ್ತಿತ್ತು. ನಾಲ್ಕು ಸಲ ನೋಡಿದ. ಗಾಲಿಯನ್ನು ಕಾಲಿನಿಂದ ನೂಕಿ ಗೋಡೆಗೆ ನಿಲ್ಲಿಸಿ, ಕಟ್ಟೆಯ ಹತ್ತಿರ ಬಂದು, ಬೀದಿಯ ಕಡೆ ಮುಖ ಮಾಡಿಕೊಂಡೇ ಎಡಗೈ ಮುಂದೆ ಚಾಚಿದ.

ಅಂಗೈ ಮೇಲಕ್ಕೆ ತಿರುಗುವಂತಿರಲಿಲ್ಲ. ಪಟ್ಟಿಗಳ ತುದಿ ಕೆಳಮುಖವಾಗಿ ಜೋತಿದ್ದವು. ಗುರುದೇವಿ ಕಟ್ಟೆಯಿಂದ ಇಳಿದು ನೆಲದ ಮೇಲೆ ಕುಳಿತು, ಅವನ ಕೈಯ ಅಡಿಗೆ ತಲೆ ತಂದು, ಮೇಲೆ ನೋಡುತ್ತ ಮೊದಲ ಪಟ್ಟಿಯನ್ನು ಎಳೆದು ಅಂಟಿಸಿದಳು. ಎರಡನೆಯದನ್ನು ಅಂಟಿಸಿದಳು.

"ಒತ್ತತದೇನೋ?"

ಅವನು ಬೆರಳು ಮಡಚಿ ಬಿಡಿಸಿ ನೋಡಿದ.

"ಇನ್ನೊಂದೀಟು ಬಿಗಿ," ಎಂದ.

ಅವಳು ಮೂರನೆಯದನ್ನು ತನ್ನ ಉಗುರು ಬೆಳ್ಳಗಾಗುವಷ್ಟು ಎಳೆದಳು.