ಉಣ್ಣೆ ಕುಲಾವಿ

ದಾರಿ ಬಿಡ್ರಪ್ಪಾ, ಮಗ್ಗದ ಡಾಕ್ಟ್ರು ಬಂದವ್ರೆ, ಏಳನೇ ಕ್ಲಾಸಲ್ಲೇ ಎಲ್ಲಾ ಓದಿ ಮುಗಿಸಿದೋರು — ಕೆಂಪರಾಜ್ ಅಂತಾನೆ, ಹೆಂಡತಿ ಪ್ರಮೋದಾಳ ಅಣ್ಣ, ನನಗೆ ಭಾವ, ನಡುಮನೆ ತುಂಬ ಕೂತಿರೋ ಹೆಂಗಸರು ಎಲೆಅಡಿಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಾರೆ, ನಗಲಿ, ನನ್ನ ಕಣ್ಣು ಮಗಳ ಮೇಲಿದೆ, ಮೂರು ತಿಂಗಳ ಕೂಸು, ತ್ಯಾಮಗೊಂಡ್ಲಿನ ಈ ಬಿಸಿಲಲ್ಲಿ ಸ್ವೆಟರು, ಕಾಲಿಗೆ ಸಾಕ್ಸು, ತಲೆಗೆ ಉಣ್ಣೆ ಕುಲಾವಿ, ಶೀಟಿನ ಮನೆ, ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ, ಬಾಗಿಲಿಗೆ ಬೇವಿನಸೊಪ್ಪು. ಅಮ್ಮ ಬಂದವ್ಳೆ ಕಣಪ್ಪಾ, ಮುಟ್ಬೇಡ, ಮೂರು ನೀರು ಹಾಕೋವರೆಗೂ ಸ್ನಾನ ಇಲ್ಲ, ಫ್ಯಾನು ಇಲ್ಲ, ಗಾಳಿ ತಾಕಬಾರದು — ಇದು ಅತ್ತೆ, ಸೊಣ್ಣಮ್ಮ. ಯಾವ ಅಮ್ಮ, ಎಲ್ಲಿಯ ಸಿಡುಬು? ಜ್ವರ ಇಲ್ಲ, ನೀರುಗುಳ್ಳೆ ಇಲ್ಲ, ಕತ್ತಿನ ಮಡಿಕೆ, ಕಂಕುಳು, ಬೆನ್ನು, ಬೆವರು ನಿಲ್ಲೋ ಕಡೆ ಮಾತ್ರ ಸಾಸಿವೆಯಂಥ ಕೆಂಪು ಚುಕ್ಕೆ, ನನಗೆ ಗೊತ್ತಿಲ್ಲದ್ದಾ ಇದು, ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಲ್ಲಿ ಬೇಸಿಗೆ ಬಂದ್ರೆ ನನ್ನ ಬೆನ್ನ ಮೇಲೇ ಬಿತ್ತನೆ ಆಗುತ್ತೆ, ಸೂಜಿ ಚುಚ್ಚಿದಂಗೆ, ಅಂಗಿ ಕಿತ್ತೆಸೆದು ಗೋಡೆಗೆ ಉಜ್ಜಿಕೊಳ್ತೀನಿ, ಇವಳು ಎಲ್ಲಿಗೆ ಉಜ್ಜಿಕೊಳ್ಳಬೇಕು, ಕೈಗೂ ಗವಸು ಕಟ್ಟವ್ರೆ. ನನ್ನ ಮಾತು ಹಾಳಾಗಲಿ, ಹೋದ ವಾರ ನೆಲಮಂಗಲಕ್ಕೆ ನಾನೂ ಪ್ರಮೋದಾನೂ ಇಬ್ಬರೂ ತಾನೇ ಹೋಗಿದ್ದು, ಡಾಕ್ಟ್ರಮ್ಮ ಕೂಸನ್ನ ಮಗುಚಿ ನೋಡಿ, ಬೆವರುಸಾಲೆ ಅಷ್ಟೇ, ತೆಳ್ಳಗಿನ ಹತ್ತಿಬಟ್ಟೆ ಹಾಕಿ, ಗಾಳಿ ಆಡಲಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒರೆಸಿ, ಉಜ್ಜಬೇಡಿ, ಎಣ್ಣೆ ಪೌಡ್ರು ಬೇಡ, ಜ್ವರ ಬಂದ್ರೆ, ಕೀವು ಕಟ್ಟಿದ್ರೆ ತಕ್ಷಣ ಕರ್ಕೊಂಡು ಬನ್ನಿ — ಅಂದದ್ದು ಪ್ರಮೋದಾಳ ಮುಖ ನೋಡಿಕೊಂಡೇ, ಅವಳು ತಲೆ ಆಡಿಸಿದ್ಲು, ಬಸ್ಸಲ್ಲಿ ನನ್ನ ಭುಜಕ್ಕೆ ಒರಗಿ ನೀವು ಯೋಚ್ನೆ ಮಾಡ್ಬೇಡಿ ನಾನ್ ನೋಡ್ಕೊತೀನಿ ಅಂದ್ಲು, ಆ ಮಾತು ನಂಬಿ ವಾರವೆಲ್ಲ ಮಗ್ಗದ ಸದ್ದಲ್ಲೂ ನೆಮ್ಮದಿಯಾಗಿದ್ದೆ — ಹೇಳು ಪ್ರಮೋದಾ, ಡಾಕ್ಟ್ರಮ್ಮ ಏನಂದ್ರು ಹೇಳು ಇವರಿಗೆ, ಅಂತೀನಿ, ಎಲ್ಲರೂ ಅವಳ ಕಡೆ ತಿರುಗ್ತಾರೆ, ಅವಳು ಅಣ್ಣನ ಮುಖ ನೋಡ್ತಾಳೆ, ಆಮೇಲೆ ನೆಲ — ಡಾಕ್ಟ್ರು ಹಂಗೇನೂ ಹೇಳಲಿಲ್ಲ, ಇವರಿಗೆ ಅರ್ಥ ಆಗಿಲ್ಲ.

ಅರ್ಥ ಆಗಿಲ್ಲ. ಇವರಿಗೆ. ಭಾವ ತೊಡೆ ತಟ್ಟಿಕೊಂಡು ನಗ್ತಾನೆ, ನಾನು ಕೂಸನ್ನ ಎತ್ತಿಕೊಂಡು ಹಿತ್ತಲಿಗೆ ಬಂದುಬಿಟ್ಟೆ, ತೆಂಗಿನ ನೆರಳು, ಸ್ವೆಟರು ಬಿಚ್ಚಿದೆ, ಕುಲಾವಿ ಕಿತ್ತೆ, ಕತ್ತಿನ ಮಡಿಕೇಲಿ ಪೌಡ್ರು ಬೆವರಿಗೆ ಕಲಸಿ ಹಿಟ್ಟಾಗಿದೆ, ಕರ್ಚೀಫು ನೆನೆಸಿ ಒತ್ತಿ ಒತ್ತಿ ತೆಗೆದೆ, ಗಾಳಿ ಬಂತು, ಅಳು ನಿಂತಿತು, ನನ್ನ ಹೆಬ್ಬೆರಳು ಹಿಡಕೊಂಡ್ಲು, ಅಷ್ಟು ಹೊತ್ತು ಮಾತ್ರ ನಾನು ಅಪ್ಪ. ಅತ್ತೆ ಬಂದು ಕಿತ್ತುಕೊಂಡ್ಲು, ಕೊಟ್ಟೆ, ಯಾಕೆ ಕೊಟ್ಟೆ, ಬಾಣಂತನದ ಮನೇಲಿ ಗಂಡ ಅನ್ನೋನು ನೆಂಟ, ಎಳೆದಾಡಿದ್ರೆ ಕೂಸಿನ ತೋಳು ತಾನೇ ನೋಯೋದು — ಆಗ ಪ್ರಮೋದಾ, ಅತ್ತೆ ಅಲ್ಲ, ಪ್ರಮೋದಾನೇ, ಕೆಳಗೆ ಬಿದ್ದಿದ್ದ ಕುಲಾವಿ ಕೊಡವಿ ತಲೆಗಿಟ್ಟು ದಾರ ಎಳೀತಾಳೆ, ಕತ್ತಿನ ಕೆಳಗೆ, ಆ ಕೆಂಪಿನ ಮೇಲೆ, ಕೂಸು ಮತ್ತೆ ಬಾಯಿ ತೆರೀತು. ನನ್ನ ಕಡೆ ನೋಡದೆ ಮೆಲ್ಲಗೆ ಅಂತಾಳೆ — ನೀವು ಸಂಜೆ ಬಸ್ಸಿಗೆ ಹೋಗ್ತೀರ, ಇವರ ಜೊತೆ ಇರಬೇಕಾದೋಳು ನಾನು ಕಣ್ರೀ, ಬರೋ ಭಾನುವಾರ ಬರ್ತೀರಲ್ಲ. ಚಪ್ಪಲಿ ಮೆಟ್ಟಿಕೊಂಡೆ, ಅಂಗಳ, ರಸ್ತೆ, ಬರ್ತೀರಲ್ಲ ಅಂತ ಹಿಂದಿಂದ ಇನ್ನೊಂದು ಸಲ, ನಡೀತಿದೀನಿ, ಪ್ರಮೋದಾಳ ಬೆರಳು, ದಾರ, ಕತ್ತಿನ ಕೆಂಪು, ನಡೀತಿದೀನಿ, ಬೆರಳು, ದಾರ, ಒಂದು ಗಂಟು ಸಾಲದು ಅಂತ ಎರಡನೇದು ಹಾಕಿದ್ಲು, ಬೆರಳು, ದಾರ, ಎರಡನೇ ಗಂಟು