ಐದು ಪಟ್ಟಿಗಳ ಪರೀಕ್ಷೆ

ಮೂಗಿರುವ ತನಕ ನೆಗಡಿ ತಪ್ಪದು ಎನ್ನುತ್ತಾರೆ. ಸಾಬೂನು ಕಾರ್ಖಾನೆಯ ಪರಿಮಳ ಪರೀಕ್ಷಕನಿಗೆ ನೆಗಡಿಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಇಪ್ಪತ್ತಾರು ವರ್ಷ ಮೂಗಿನಿಂದಲೇ ಅನ್ನ ಸಂಪಾದಿಸಿದವನು. ಕಾರ್ಖಾನೆಯಲ್ಲಿ ಅವನ ಹೆಸರೇ ಮೂಗಣ್ಣ. ಅಂಥವನಿಗೆ ಸೈನಸ್ ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ವಾಸನೆ ಮಾತ್ರ ಇನ್ನೂ ಮರಳಿರಲಿಲ್ಲ.

ದಿನಕ್ಕೆರಡು ಬಾರಿ ಮೂಗು ತೊಳೆಯಬೇಕು. ಕುದಿಸಿ ಆರಿಸಿದ ನೀರು ಉಗುರುಬೆಚ್ಚಗಿರುವಾಗ ಉಪ್ಪಿನ ಪುಡಿ ಕದಡಿ, ಬಾಟಲಿಗೆ ತುಂಬಿ, ವಾಶ್‌ಬೇಸಿನ್ ಮೇಲೆ ಬಾಗಿ ಒಂದು ಹೊಳ್ಳೆಗೆ ಒತ್ತುವುದು. ನೀರು ತಲೆಯೆಲ್ಲ ಸುತ್ತಿ ಬಂದಂತೆ ಇನ್ನೊಂದು ಹೊಳ್ಳೆಯಿಂದ ಇಳಿಯುತ್ತಿತ್ತು, ಜೊತೆಗೆ ಒಣಗಿದ ರಕ್ತದ ಹಕ್ಕಳೆಗಳು.

"ಬಾಯಲ್ಲಿ ಉಸಿರಾಡ್ರೀ, ನೀರು ನುಂಗ್ಬೇಡಿ," ಎನ್ನುತ್ತ ಹೆಂಡತಿ ಟವೆಲ್ ಚಾಚಿದಳು. "ಏನಾದ್ರೂ ವಾಸನೆ ಬಂತಾ?"

"ಉಪ್ಪುನೀರಿಗೆ ಎಂಥ ವಾಸನೆ?"

"ಉಪ್ಪುನೀರಲ್ಲ. ಹಾಲು ಸೀದು ಮನೆಯೆಲ್ಲ ನಾರ್ತಿದೆ."

ಅವನು ಮುಖ ಒರೆಸಿಕೊಂಡ. ಡಾಕ್ಟರು ಆರು ವಾರ ಕಾಯಿರಿ ಅಂದಿದ್ದರು. ಆದರೆ ತನ್ನ ಕುರ್ಚಿಯಲ್ಲಿ ಬೇರೊಬ್ಬನನ್ನು ಕೂರಿಸಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನಿಗೆ ಹೆದರಿಕೆ ಹೊಕ್ಕಿತ್ತು. ಸೋಮವಾರ, ಹೆಂಡತಿ ಬೇಡವೆಂದರೂ ಕೇಳದೆ, ಕೆಲಸಕ್ಕೆ ಹೊರಟೇಬಿಟ್ಟ.

ಲ್ಯಾಬಿನ ಮುಖ್ಯಸ್ಥೆ ಒಂದು ಕಾಲಕ್ಕೆ ಅವನ ಕೈಕೆಳಗೇ ಕೆಲಸ ಕಲಿತವಳು. ರಜೆ ಮುಗಿಸಿ ಬಂದವರು ಸುಗಂಧದೆಣ್ಣೆಯಲ್ಲಿ ಅದ್ದಿದ ಐದು ಪಟ್ಟಿ ಮೂಸಿ ಯಾವುದು ಯಾವ ಪರಿಮಳವೆಂದು ಹೇಳಬೇಕು, ಅದು ನಿಯಮ. ಅವಳು ಕಾಗದದ ಐದು ಪಟ್ಟಿಗಳನ್ನು ಸಾಲಾಗಿ ಇಟ್ಟಳು. ಮೂಗಣ್ಣನಿಗೆ ಒಳಗೊಳಗೇ ನಗು. ಹಗುರವಾದದ್ದು ಮೊದಲು, ಗಾಢವಾದದ್ದು ಕೊನೆಗೆ ಎಂಬ ಈ ಸಾಲನ್ನು ಗೊತ್ತುಮಾಡಿದವನೇ ಅವನು. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ.

ಮೊದಲ ಪಟ್ಟಿಯನ್ನು ಮೂಗಿನಡಿ ಆಡಿಸಿ, "ನಿಂಬೆ," ಎಂದ. ಆಮೇಲೆ ಲ್ಯಾವೆಂಡರ್, ಗುಲಾಬಿ. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ ಸ್ವಲ್ಪ ತಡೆದ. ತೀರ ಸಲೀಸಾಗಿ ಹೇಳಿದರೆ ಅನುಮಾನ ಬಂದೀತು. "ಮಲ್ಲಿಗೆ. ಸ್ವಲ್ಪ ಹಳೇದಾಗಿದೆ, ಎಣ್ಣೆ ಬದಲಾಯಿಸಿ." ಕೊನೆಯದು ಕಸ್ತೂರಿ.

ಅವಳು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

"ಎಲ್ಲಾ ಸರಿಯಿದೆ ತಾನೇ?" ಎಂದ.

"ಸಾಲು ಸರಿಯಿದೆ ಸರ್. ಆದ್ರೆ ನಾನಿವತ್ತು ಯಾವ ಬಾಟಲಿನೂ ತೆಗೆದೇ ಇಲ್ಲ. ಇವೆಲ್ಲ ಬರೀ ಕಾಗದ."

ನಾಚಿಕೆಯಿಂದ ಅವನ ಮುಖಕ್ಕೆ ರಕ್ತ ನುಗ್ಗಿತು. ಬಯ್ದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು; ಅವಳು ಬಯ್ಯಲಿಲ್ಲ.

"ವಾಸನೆ ಇನ್ನೂ ಬಂದಿಲ್ಲ ಅಂತ ಒಂದು ಮಾತು ಅಂದಿದ್ರೆ ಆರು ವಾರ ಅಲ್ಲ, ಆರು ತಿಂಗಳಾದ್ರೂ ಕಾಯ್ತಿದ್ದೆ," ಎಂದಳು. "ನಾಳೆ ನಿಮ್ಮ ಮೂಗು ನಿಜವಾಗ್ಲೂ ಬಂತು ಅಂತಾನೇ ಇಟ್ಕೊಳ್ಳಿ. ನೀವು ಗುಲಾಬಿ ಅಂದಾಗ ನಾನು ಹೇಗೆ ನಂಬಲಿ, ಸರ್?"