ಆಣೆಯಿಟ್ಟವರ ಹಳದಿ ಗೆರೆ

ಸೋಮವಾರ ಬೆಳಗ್ಗೆ ನೂಲಿನ ಗಿರಣಿಯ ಅಂಗಳದಲ್ಲಿ ಮೊಳದಗಲದ ಹಳದಿ ಗೆರೆ ಮೂಡಿತ್ತು. ಕೆಲಸಕ್ಕೆ ಮರಳುವವರು ಅದರ ಮೇಲೆಯೇ ನಡೆಯಬೇಕಂತೆ.

ಎದುರಿನ ಕಟ್ಟಡದ ಮೂರನೇ ಮಹಡಿಯ ನೋಟರಿ ಕಚೇರಿಯಲ್ಲಿ ನಾನು ಟೈಪಿಸ್ಟ್. ಮುಷ್ಕರ ಬಿಟ್ಟು ಬರುವವರ ಇಂಗ್ಲಿಷ್ ಪ್ರಮಾಣಪತ್ರವನ್ನು ಟೈಪ್ ಮಾಡಿದವಳೂ ನಾನೇ. ನೋಟರಿ ಒಂದೊಂದು ಸಾಲು ಓದುತ್ತಾನೆ. ಬಂದವರು ಬಲಗೈಯೆತ್ತಿ, ಅರ್ಥವಾಗದಿದ್ದರೂ, ಹಾಗೆಯೇ ಒಪ್ಪಿಸಬೇಕು. ಅದರಲ್ಲೊಂದು ಕ್ರಿಯಾಪದ: ಅಬ್ಜ್ಯೂರ್. ಬೆರಳು ಅಲ್ಲೇ ನಿಂತಿತು. ದಪ್ಪ ನಿಘಂಟು ತೆಗೆದೆ.

ಲ್ಯಾಟಿನ್ ಮೂಲ. 'ಅಬ್' ಅಂದರೆ ದೂರ, 'ಯೂರಾರೆ' ಅಂದರೆ ಆಣೆಯಿಡು. ಬರೀ ಬಿಡುವುದಲ್ಲ, ಆಣೆಯಿಟ್ಟು ತೊರೆಯುವುದು. ಕೆಳಗೆ ಹಳೆಯ ಬಳಕೆಯೂ ಇತ್ತು: ತಪ್ಪು ಮಾಡಿ ಚರ್ಚಿನಲ್ಲಿ ಅಡಗಿದವನು ದೇಶವನ್ನೇ ತೊರೆಯುವೆನೆಂದು ಆಣೆಯಿಡುತ್ತಿದ್ದ. ಆಮೇಲೆ ಹೆದ್ದಾರಿಯಿಂದ ಕದಲದೆ ಬಂದರಿಗೆ ನಡೆಯಬೇಕು. ದಾರಿ ಬಿಟ್ಟರೆ ತಲೆ ಹೋಗುತ್ತಿತ್ತು.

ಎದ್ದು ಕಿಟಕಿಯಲ್ಲಿ ನೋಡಿದೆ. ಕೆಳಗೆ ಗೇಟಿನಲ್ಲಿ ನಿಂತವರಿಗೆ ಗೋಡೆ ಅಡ್ಡ. ಮೇಲಿನಿಂದ ಪೂರ್ತಿ ಕಾಣುತ್ತಿತ್ತು. ಗೆರೆ ಯಂತ್ರದ ಶೆಡ್ಡಿನ ಬಾಗಿಲಿಗೆ ತಿರುಗಿರಲಿಲ್ಲ. ಅದನ್ನು ದಾಟಿ ಸೀದಾ ಹಿಂದಿನ ಬೀದಿಗೆ ತೆರೆಯುವ ಗಿರಣಿಯ ಹಿಂಬಾಗಿಲಿಗೆ ಹೋಗಿತ್ತು.

"ಏನಮ್ಮ ಪಂಡಿತೆ, ದೆವ್ವ ಕಂಡ ಹಾಗೆ ನಿಂತಿದ್ದೀಯ?"

ಅಕ್ಕನ ಗಂಡ. ಸರದಿಯಲ್ಲಿ ಮೊದಲನೆಯವರು. ಹದಿನೇಳನೇ ನಂಬರಿನ ಯಂತ್ರ ಅವರೊಬ್ಬರ ಮಾತು ಮಾತ್ರ ಕೇಳುತ್ತದೆಂದು ಗಿರಣಿಯಲ್ಲೆಲ್ಲ ತಮಾಷೆ.

"ಭಾವ, ಸಹಿ ಹಾಕ್ಬೇಡಿ."

"ಸಂಘ ಬಿಟ್ಟೆ ಅಂತ ತಾನೆ? ಬಾಯಲ್ಲಿ ಬಿಟ್ರೆ ಮನಸ್ಸಲ್ಲಿ ಬಿಟ್ಟ ಹಾಗಾ?"

"ಸಂಘ ಒಂದೇ ಅಲ್ಲ. ಎರಡನೇ ಪುಟದಲ್ಲಿ ನಿಮ್ಮ ಕೆಲಸಾನೂ ಸೇರಿಸಿದ್ದಾರೆ. ಎಲ್ಲಾನೂ ಆಣೆಯಿಟ್ಟು ತೊರೀತೀನಿ ಅಂತಿದೆ. ಬೇಕಾದ್ರೆ ಬಂದು ಆ ಗೆರೆ ನೋಡಿ."

ಅವರು ಕಿಟಕಿಯತ್ತ ತಲೆ ತಿರುಗಿಸಲಿಲ್ಲ. "ನಿಮ್ಮಕ್ಕ ತಣ್ಣಗಿರೋ ಒಲೆ ಮುಂದೆ ಕೂತಿರ್ತಾಳೆ. ನೀನು ನನಗೆ ಕಿಟಕಿ ತೋರಿಸ್ತೀಯ. ಕೆಲಸಕ್ಕೆ ಬಾ ಅಂತ ಕರೆದೋರು ಕೆಲಸ ಕಿತ್ಕೊಳ್ತಾರಾ?"

"ನಿನ್ನ ಕೆಲಸ ಟೈಪ್ ಮಾಡೋದು, ಪುರಾಣ ಹೇಳೋದಲ್ಲ," ಎಂದ ನೋಟರಿ, ಕಣ್ಣೆತ್ತದೆ.

ಭಾವ ಕೈಯೆತ್ತಿದರು. ಹೇಳಿಕೊಟ್ಟ ಇಂಗ್ಲಿಷನ್ನು ಶಾಲೆಯ ಮಗ್ಗಿಯಂತೆ ಒಪ್ಪಿಸಿದರು. ಸಹಿ ಹಾಕಿ ನನ್ನತ್ತ ನಕ್ಕು ಮೆಟ್ಟಿಲಿಳಿದರು.

ಅಂಗಳದಲ್ಲಿ ಅವರ ಬೋಳುತಲೆ ಕಂಡಿತು. ಇಬ್ಬರು ಕಾವಲುಗಾರರ ನಡುವೆ ಗೆರೆ ಹಿಡಿದು ನಡೆದರು. ಶೆಡ್ಡಿನ ಬಾಗಿಲು ಬಂತು. ಒಳಗೆ ಯಂತ್ರಗಳು ಗುಂಯ್‌ಗುಡುತ್ತಿದ್ದವು; ಅಂದರೆ ಹೊಸಬರು ಆಗಲೇ ಬಂದಿದ್ದರು. ಭಾವ ನಿಂತು ಒಂದು ಕಾಲನ್ನು ಗೆರೆಯಾಚೆ ಇಟ್ಟರು. ಲಾಠಿ ಮೊಣಕಾಲಿಗೆ ಬಿತ್ತು. ಕುಂಟುತ್ತ ಗೆರೆಗೆ ಮರಳಿದರು. ಹಿಂಬಾಗಿಲು ತೆರೆದು, ಅವರನ್ನು ನುಂಗಿ, ಮುಚ್ಚಿಕೊಂಡಿತು.

"ಮುಂದಿನವರು," ಎಂದ ನೋಟರಿ.

ಟೈಪ್‌ರೈಟರಿನಲ್ಲಿದ್ದ ಹಾಳೆಯನ್ನು ಸರ್ರನೆ ಎಳೆದು ತೆಗೆದೆ. ನಿಘಂಟನ್ನು ಎದೆಗವುಚಿಕೊಂಡು ಹೊರಗೆ ಬಂದೆ. ಮೂರು ಮಹಡಿಯ ಮೆಟ್ಟಿಲ ತುಂಬ ಜನ. ಕೆಲವರು ಈಗಲೇ ಕೈಯೆತ್ತುವುದನ್ನು ಅಭ್ಯಾಸ ಮಾಡುತ್ತಿದ್ದರು.

"ಅಣ್ಣಂದಿರಾ, ಅಕ್ಕಂದಿರಾ, ಕೈ ಇಳಿಸಿ," ಎಂದೆ. "ನೀವು ಹೇಳ್ಬೇಕಾದ ಮಾತಿನ ಅರ್ಥ ಮೊದಲು ಕೇಳಿ."

ಕೆಳಗಿನಿಂದ ಬೂಟುಗಳು ಮೆಟ್ಟಿಲೇರತೊಡಗಿದವು. ನಾನು ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ.